ಕಾಣದ ಹೂವಿನ ವಾಸನೆ

ಎಲ್ಲರೂ ಮಲಗಿದ ಮೇಲೆ, ಕೂಲಿ ಲೈನಿನ ಮನೆಸಾಲಿನ ಕೆಳಗಿನ ಹಳ್ಳದಿಂದ, ಕಲ್ಲಿನ ಮೇಲೆ ಒದ್ದೆ ಬಟ್ಟೆ ಕುಸುಬುವ ಸದ್ದು ಬರುತ್ತಿತ್ತು. ಹಗಲು ಹೊತ್ತಿನಲ್ಲಿ ಎತ್ತಿ ಬಡಿಯುವ ಸದ್ದಲ್ಲ. ಯಾರ ಕಿವಿಗೂ ಬೀಳಬಾರದೆಂದು ಮೆಲ್ಲಗೆ ಎರಡು ಸಲ ಕುಸುಬಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತೆ ಎರಡು ಸಲ ಕುಸುಬುವುದು. ಆ ಸುಮ್ಮನಿರುವ ಹೊತ್ತಿನಲ್ಲಿ ಅವಳು ಸೆರಗನ್ನು ಮೂಗಿಗೆ ಹಿಡಿದು ನೋಡುತ್ತಿರಬೇಕು ಎಂದುಕೊಂಡಳು ರುದ್ರಾಣಿ. ಒಗೆಯುತ್ತಿರುವವಳು ಯಾರೆಂದು ಯಾರೂ ಹೇಳಬೇಕಾಗಿರಲಿಲ್ಲ. ಉಗ್ರಾಣದಲ್ಲಿ ಕಾಫಿ ಮಗುಚುವ ಬಸಮ್ಮ. ಆ ಸಂಜೆ ಅಂಗಳದಲ್ಲಿ ಗಂಡಸರು ಹೆಂಗಸರೆನ್ನದೆ ಒಬ್ಬೊಬ್ಬರಾಗಿ ಬಗ್ಗಿ ಅವಳ ಸೆರಗನ್ನು ಮೂಸಿದ್ದರು. ಸೀಗೆಗಾಗಲಿ ಬೂದಿಗಾಗಲಿ ಆ ವಾಸನೆ ಅಷ್ಟು ಸುಲಭವಾಗಿ ಬಿಡುವಂಥದ್ದಲ್ಲ ಎಂದು ಈ ಎಸ್ಟೇಟಿನಲ್ಲಿ ತಿಳಿದಿದ್ದವಳು ರುದ್ರಾಣಿ ಒಬ್ಬಳೇ. ಎದ್ದು ಹೋಗಿ ಅಷ್ಟನ್ನಾದರೂ ಹೇಳಬಹುದಿತ್ತು, ಸುಮ್ಮನೆ ಕೈ ನೋಯಿಸಿಕೊಳ್ಳಬೇಡ ಎಂದು. ಆದರೆ ಬಾಯಿ ತೆರೆದರೆ ಮಾತು ಅಲ್ಲಿಗೇ ನಿಲ್ಲುತ್ತಿರಲಿಲ್ಲ. ಪಕ್ಕದಲ್ಲಿ ಹಾಲಪ್ಪ ಗೊರಕೆಯಿಲ್ಲದೆ ಮಲಗಿದ್ದ. ಗಂಡನಿಗೆ ಗೊರಕೆಯಿಲ್ಲವೆಂದರೆ ಅವನಿಗೆ ನಿದ್ದೆಯಿಲ್ಲ ಎಂದು ಈ ಮೂರು ವರ್ಷದಲ್ಲಿ ಅವಳು ಕಲಿತಿದ್ದಳು. ಅವಳು ಎರಡೂ ಕೈಗಳನ್ನು ಕಂಬಳಿಯೊಳಗೆ ಎಳೆದುಕೊಂಡು ಮೊಣಕೈವರೆಗೂ ಸೆರಗಿನಲ್ಲಿ ಸುತ್ತಿಕೊಂಡಳು.

ಹಾಲಪ್ಪ ಮಂಗಳೂರಿನಿಂದ ಬಂದದ್ದು ಮೊನ್ನೆ ಮಧ್ಯಾಹ್ನ. ಹಣ್ಣು ಸುಲಿದು, ತೊಳೆದು, ಒಳಸಿಪ್ಪೆಯೊಳಗೇ ಒಣಗಿಸಿದ ಕಾಫಿಯನ್ನು ಇಲ್ಲಿ ಎಲ್ಲರೂ ಪಾರ್ಚ್‌ಮೆಂಟ್ ಎನ್ನುತ್ತಾರೆ. ಆ ವರ್ಷದ ಮೊದಲ ಲೋಡು ಪಾರ್ಚ್‌ಮೆಂಟನ್ನು ಕೊಟ್ಟಿಗೆಹಾರ ದಾಟಿಸಿ, ಚಾರ್ಮಾಡಿ ಇಳಿಸಿ, ಸಿಪ್ಪೆ ತೆಗೆದು ಬೀಜ ಹದಮಾಡುವ ಕ್ಯೂರಿಂಗ್ ಕಂಪನಿಗೆ ಹಾಕಿ ಬರಲು ಲಾರಿಯ ಜೊತೆ ಅವನೇ ಹೋಗಿದ್ದ. ಬಂದವನು ಕಾಲು ಕೂಡ ತೊಳೆಯದೆ ಜಗಲಿಯ ಮೇಲೆ ಕುಳಿತು ಜೇಬಿನಿಂದ ಕರವಸ್ತ್ರ ತೆಗೆದು ಬಿಚ್ಚಿದ. ಒಳಗೆ ಒಂದು ಹಿಡಿ ಕಾಫಿ.

"ಅವ್ವ, ಇದನ್ನ ಸ್ವಲ್ಪ ಮೂಸಿ ನೋಡು."

ಅತ್ತೆ ಸಿದ್ದಗಂಗಮ್ಮ ಮೂಸಿದರು. ಮೂಗುತಿ ಸರಿಮಾಡಿಕೊಂಡು ಮತ್ತೆ ಮೂಸಿದರು. "ಯಾವುದೋ ಹೂವಿನ ಥರ ಬರ್ತದಲ್ಲೋ. ಯಾವ ಹೂವು ಇದು?"

"ಅವರೂ ಅದೇ ಕೇಳಿದ್ದು. ಕಾಫಿ ಕಳಿಸಿದ್ದೀರೋ, ಮದುಮಗಳ ಪೆಟ್ಟಿಗೆ ಕಳಿಸಿದ್ದೀರೋ ಅಂತ. ಸ್ಯಾಂಪಲ್ ನೋಡೋ ದೊರೆ ಎಲ್ಲರ ಎದುರಿಗೇ ಕೇಳಿದ. ಗುಮಾಸ್ತರೆಲ್ಲ ನಕ್ಕರು. ಅಪ್ಪ ಇದ್ದಾಗ ನಮ್ಮ ಮೂಟೆ ಹೊಲಿಗೆ ನೋಡಿ ಒಳಗೆ ಬಿಡ್ತಿದ್ರಂತೆ. ಇನ್ಮೇಲೆ ಬಾಗಿಲಲ್ಲೇ ನಿಲ್ಲಿಸಿ ಮೂಸ್ತಾರೆ."

ಅವನು ತಲೆ ಎತ್ತಿ ಬಾಗಿಲಲ್ಲಿ ನಿಂತಿದ್ದ ರುದ್ರಾಣಿಯನ್ನು ನೋಡಿದ. "ನೀನು ಬಿ.ಎಸ್ಸಿ. ಓದಿದವಳು. ಹೇಳು ನೋಡೋಣ, ಏನಿದು?" ಆ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ವ್ಯಂಗ್ಯವಿದ್ದಿದ್ದರೆ ಒಳ್ಳೆಯದಿತ್ತು. ಅವಳು ಬಗ್ಗಿ ಕರವಸ್ತ್ರಕ್ಕೆ ಮುಖ ತಂದಳು. ಮೊದಲ ಉಸಿರಿಗೆ ಅದು ಬಂತು, ತಣ್ಣಗೆ, ಒಣಗಿದ ಮರದ ಪೆಟ್ಟಿಗೆಯಲ್ಲಿ ಯಾರೋ ಹೂವಿಟ್ಟು ಮರೆತ ಹಾಗೆ. ಎರಡನೆಯ ಉಸಿರಿಗೆ ಏನೂ ಇರಲಿಲ್ಲ, ಕಾಫಿಯ ಸಿಪ್ಪೆಯ ವಾಸನೆ, ಗಂಡನ ಬೆವರಿನ ವಾಸನೆ, ಅಷ್ಟೇ. "ನನಗೆ ಏನೂ ಬರ್ತಿಲ್ಲ" ಎಂದಳು. ಹೇಳಿದ ಕ್ಷಣದಲ್ಲಿ ಆ ಮಾತು ನಿಜವೇ ಆಗಿತ್ತು.

ಅದು ಹೋಗಿಲ್ಲ ಅಮ್ಮ, ಸ್ವಲ್ಪ ಹೊತ್ತು ಹೋಗಿರೋದು ನಿನ್ನ ಮೂಗು, ಎಂದಿದ್ದರು ಮೈಸೂರಿನ ಕಾಲೇಜಿನ ಮೇಷ್ಟ್ರು. ಲ್ಯಾಬಿನ ಕಿಟಕಿ ಪಕ್ಕದ ಮೇಜು, ಇಡೀ ತರಗತಿಗೆ ಹುಡುಗಿಯರು ಅವಳೂ ಅಣ್ಣಮ್ಮನೂ ಇಬ್ಬರೇ, ಹಿಂದಿನ ಬೆಂಚುಗಳಿಂದ ಬೆನ್ನ ಮೇಲೆ ಬೀಳುವ ಹುಡುಗರ ಕಣ್ಣು. ಮೇಷ್ಟ್ರು ಕಾಗದದ ಪಟ್ಟಿಯನ್ನು ಬಾಟಲಿಗೆ ಅದ್ದಿ ಇಬ್ಬರಿಗೂ ಕೊಟ್ಟು ಬೋರ್ಡಿನ ಮೇಲೆ ಅಯೊನೋನ್ ಎಂದು ಬರೆದರು. ಯುರೋಪಿನ ಸೀಮೆಯಲ್ಲಿ ವಯೊಲೆಟ್ ಅಂತ ಒಂದು ಸಣ್ಣ ಊದಾ ಹೂವಿದೆ, ಗಾಡಿಗಟ್ಟಲೆ ಹಿಂಡಿದರೂ ಎಣ್ಣೆ ತೊಟ್ಟಿಕ್ಕುವುದಿಲ್ಲ, ಆದ್ದರಿಂದ ಸೆಂಟು ಮಾಡುವವರು ಈಗ ಹೂವಿನ ತಂಟೆಗೆ ಹೋಗುವುದು ಕಮ್ಮಿ, ಇದನ್ನೇ ಬೆರೆಸುತ್ತಾರೆ. ಸೋಪು, ಪೌಡರು, ದೊರೆಸಾನಿಯರ ಕರವಸ್ತ್ರ, ಎಲ್ಲ ಇದೇ. ನೀರು ಹಾಕಿದ ಹಾಲಿನ ಹಾಗೆ ಸ್ಪಿರಿಟ್ಟಿನಲ್ಲಿ ತೆಳುವಾಗಿಸಿದರೆ ಮಾತ್ರ ಹೂವು, ಹಾಗೇ ಇಟ್ಟರೆ ಮರದ ಪುಡಿ. ಮಾಡುವುದು ಯಾವುದರಿಂದ ಗೊತ್ತೆ, ನಮ್ಮ ಮಜ್ಜಿಗೆ ಹುಲ್ಲಿನ ಎಣ್ಣೆಯಿಂದ. ಹಡಗಿನಲ್ಲಿ ಇಲ್ಲಿಂದ ಹುಲ್ಲು ಹೋಗುತ್ತದೆ, ಅಲ್ಲಿಂದ ಹೂವು ಬರುತ್ತದೆ. ಅಣ್ಣಮ್ಮ ಪಟ್ಟಿಯನ್ನು ಮತ್ತೆ ಮತ್ತೆ ಮೂಸಿ, "ನನಗೆ ಬರೀ ಕಾಗದ ಕಣೆ" ಎಂದು ಅಳುಮುಖ ಮಾಡಿದ್ದಳು. ಕೊನೆಯವರೆಗೂ ಅವಳ ಮೂಗಿಗೆ ಅದು ಬರಲೇ ಇಲ್ಲ. ಅಂಥ ಅಣ್ಣಮ್ಮನಿಗೇ ಬೊಂಬಾಯಿಯ ಯಾವುದೋ ಸೋಪಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ರುದ್ರಾಣಿಗೆ ಮದುವೆಯಾಯಿತು. ಮದುವೆಯಾದ ಹೊಸದರಲ್ಲಿ ಹಾಲಪ್ಪ ಅವಳನ್ನು ದೇವರಮನೆ ಗುಡ್ಡಕ್ಕೆ ಕರೆದುಕೊಂಡು ಹೋಗಿದ್ದ. ಗುಡ್ಡದ ನೆತ್ತಿಯಲ್ಲಿ ಗಾಳಿಗೆ ಬಾಗಿದ ಹುಲ್ಲಿನಿಂದ ಒಂದು ಎಸಳು ಕಿತ್ತು, ಹೊಸಕಿ, ಅವನ ಮೂಗಿಗೆ ಹಿಡಿದು, ಮೇಷ್ಟ್ರು ಹೇಳಿದ್ದನ್ನೆಲ್ಲ ಅವಳು ಒಂದೇ ಉಸಿರಿಗೆ ಹೇಳಿದ್ದಳು. ಅವನು ಬಹಳ ಹೊತ್ತು ನಕ್ಕಿದ್ದ. "ಹಂಗಾದ್ರೆ ನಮ್ಮ ಎಮ್ಮೆಗಳೆಲ್ಲ ದೊರೆಸಾನಿಯರೇ ಬಿಡು ಮಾರಾಯ್ತಿ." ಪ್ರೀತಿಯಿಂದಲೇ ನಕ್ಕಿದ್ದ. ಆಮೇಲೆ ಅವಳು ಕಾಲೇಜಿನ ಮಾತು ಎತ್ತುವುದನ್ನು ಬಿಟ್ಟಳು.

ಅದೇ ಅಯೊನೋನಿನ ಒಂದು ಬಾಟಲಿಯನ್ನು ಈಚೆಗೆ ಅಣ್ಣಮ್ಮ ಬೊಂಬಾಯಿಯಿಂದ ಕಳಿಸಿದ್ದಳು. ಹೆಬ್ಬೆಟ್ಟಿನ ಗಾತ್ರದ ಕಂದು ಬಾಟಲಿ, ಗಾಜಿನ ಬಿರಡೆ. ಜರ್ಮನಿಯದು, ಯುದ್ಧವಾದರೆ ಇದು ಸಿಗುವುದಿಲ್ಲವಂತೆ, ನನ್ನ ಮೂಗಿಗೆ ಇದು ನೀರು, ನಿನಗಾದರೂ ಇರಲಿ ಎಂದು ಬರೆದಿದ್ದಳು. ಅದನ್ನು ಮನೆಯಲ್ಲಿ ಇಡುವ ಹಾಗಿರಲಿಲ್ಲ. ಮನೆ ತುಂಬಿದ ವಾರವೇ ಅವಳ ತಲೆದಿಂಬಿಗೆ ಯಾವುದೋ ಸೋಪಿನ ವಾಸನೆ ಹತ್ತಿತ್ತೆಂದು ಅತ್ತೆ ನೆಂಟರೆಲ್ಲ ಕುಳಿತಿದ್ದಾಗ, "ಏನೇ ಇದು, ಮನೇಗೆ ನಾಟಕದ ಕಂಪನಿಯೋರು ಬಂದಿಳಿದಂಗಾಯ್ತು" ಎಂದಿದ್ದರು. ಎಲ್ಲರೂ ನಕ್ಕಾಗ ತಾನೂ ನಗಬೇಕೋ ತಲೆ ತಗ್ಗಿಸಬೇಕೋ ತಿಳಿಯದೆ ಅವಳು ಎರಡನ್ನೂ ಮಾಡಿದ್ದಳು. ಹಾಗಾಗಿ ಬಾಟಲಿ ಉಗ್ರಾಣಕ್ಕೆ ಹೋಯಿತು. ಮಧ್ಯಾಹ್ನ ಬಸಮ್ಮ ಊಟಕ್ಕೆ ಲೈನಿಗೆ ಹೋದ ಹೊತ್ತಿನಲ್ಲಿ ಅಲ್ಲಿ ಯಾರೂ ಇರುತ್ತಿರಲಿಲ್ಲ. ಒಣಗಿದ ಪಾರ್ಚ್‌ಮೆಂಟು ಗೋಡೆಯವರೆಗೂ ರಾಶಿ ಬಿದ್ದಿರುತ್ತಿತ್ತು. ಅದರ ಮೂಲೆಯೊಂದರಲ್ಲಿ ಬಾಟಲಿ ಹೂತಿಟ್ಟಿದ್ದಳು. ತೆಗೆದು, ಬಿರಡೆ ಬಿಚ್ಚಿ, ಮಣಿಕಟ್ಟಿಗೆ ಒಂದು ತೊಟ್ಟು ಮುಟ್ಟಿಸಿ, ಕಣ್ಣು ಮುಚ್ಚಿ ಕುಳಿತರೆ ಕಿಟಕಿ ಪಕ್ಕದ ಮೇಜು, ಬನ್ಸನ್ ಬರ್ನರಿನ ನೀಲಿ ನಾಲಿಗೆ, ತನ್ನ ಹೆಸರನ್ನು ಪೂರ್ತಿಯಾಗಿ ಕೂಗುವ ಮೇಷ್ಟ್ರ ಗಂಟಲು. ಅಷ್ಟರಲ್ಲಿ ಹೋಗಿಬಿಡುತ್ತಿತ್ತು. ಅದಕ್ಕೇ ಇನ್ನೊಂದು ತೊಟ್ಟು. ಮತ್ತೆ ಅಡುಗೆ ಮನೆಗೆ ಹೋಗುವ ಮೊದಲು ಕೈಯಿಂದ ಅದನ್ನು ಬಿಡಿಸಬೇಕಲ್ಲ. ಉಗ್ರಾಣದಲ್ಲಿ ಈರುಳ್ಳಿ ಇಡಬಾರದು, ಸೀಮೆಎಣ್ಣೆ ಬುಡ್ಡಿ ತರಬಾರದು, ಬೀಡಿ ಸೇದಿದವನು ಬಾಯಿ ಮುಕ್ಕಳಿಸದೆ ಒಳಗೆ ಬರಬಾರದು, ಕಾಫಿ ಎಂಥ ವಾಸನೆಯನ್ನೂ ಎಳೆದುಕೊಂಡುಬಿಡುತ್ತದೆ ಎಂಬುದು ಅಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ರುದ್ರಾಣಿಗೂ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಅವಳು ಹಾಗೆ ಮಾಡಿದಳು. ಎರಡೂ ಕೈಗಳನ್ನು ಮೊಣಕೈವರೆಗೆ ರಾಶಿಯೊಳಗೆ ತೂರಿಸಿ, ಬೆಚ್ಚಗಿನ ಕಾಳುಗಳಲ್ಲಿ ತಿಕ್ಕಿ ತಿಕ್ಕಿ, ಹೊರಗೆ ತೆಗೆದು ಮೂಸುವಳು. ಏನೂ ಇಲ್ಲ. ಕಾಫಿ ಎಳೆದುಕೊಂಡಿತು ಎಂದು ನೆಮ್ಮದಿಯಾಗಿ ಸೆರಗು ಕೊಡವಿಕೊಂಡು ಮನೆಗೆ ಬರುವಳು. ಪುಷ್ಯ ಕಳೆದು ಮಾಘ ಬರುವವರೆಗೂ ಹೀಗೇ ನಡೆಯಿತು. ಎಳೆದುಕೊಂಡ ಕಾಫಿ ಎಲ್ಲಿಗೆ ಹೋಗುತ್ತದೆ ಎಂದು ಅವಳು ಒಂದು ದಿನವೂ ಯೋಚಿಸಲಿಲ್ಲ. ಪರೀಕ್ಷೆಯಲ್ಲಿ ಮೊದಲ ದರ್ಜೆ ತೆಗೆದುಕೊಂಡಿದ್ದವಳು.

ಮೊನ್ನೆ ಗಂಡ ಊಟಕ್ಕೆ ಕುಳಿತ ಕೂಡಲೇ ಅವಳು ಉಗ್ರಾಣಕ್ಕೆ ಓಡಿದ್ದಳು. ಮೂಲೆಯ ರಾಶಿಯನ್ನು ಕೆದಕಿದಳು. ಪಕ್ಕದಲ್ಲಿ ಕೆದಕಿದಳು. ಬಾಟಲಿ ಇರಲಿಲ್ಲ. ಯಾರೋ ತೆಗೆದಿದ್ದರು. ಆಗಿನಿಂದ ಅವಳಿಗೆ ಮನೆಯವರ ಮುಖ, ಆಳುಗಳ ಮುಖ, ಬರುವವರ ಹೋಗುವವರ ಮುಖ ನೋಡುವುದೇ ಕೆಲಸವಾಯಿತು. ಅತ್ತೆ ಎಲೆಅಡಿಕೆ ತಟ್ಟೆ ಮುಂದೆ ಎಳೆದುಕೊಂಡು ಒಂದು ಕ್ಷಣ ತಡೆದರೆ, ಈಗ ಕೇಳುತ್ತಾರೆ ಎಂದುಕೊಳ್ಳುತ್ತಿದ್ದಳು. ಅತ್ತೆ ಸುಣ್ಣ ಕೇಳುತ್ತಿದ್ದರು.

ಇವತ್ತು ಸಂಜೆ ಹಾಲಪ್ಪ ಉಗ್ರಾಣದಲ್ಲಿ ಕೆಲಸ ಮಾಡುವವರನ್ನು ಕರೆಸಿದ. ಇದ್ದವರು ಇಬ್ಬರೇ, ರಾತ್ರಿ ಕಾವಲಿನ ಮುದುಕ ಭೂತಯ್ಯ ಮತ್ತು ಬಸಮ್ಮ. ನೋಡಲು ಲೈನಿನ ಅರ್ಧ ಜನ ಬಂದರು. ಭೂತಯ್ಯನಿಂದ ಹೊಗೆಸೊಪ್ಪಿನ ವಾಸನೆ ಬಿಟ್ಟು ಬೇರೇನೂ ಬರಲಿಲ್ಲ. ಬಸಮ್ಮನ ಹತ್ತಿರ ಹೋದ ಗಿಡ್ಡಪ್ಪ ಮೇಸ್ತ್ರಿ ಹಿಂದೆ ಸರಿದು, "ಅಯ್ಯಾ, ಇಲ್ಲಿದೆ ನೋಡಿ" ಎಂದ. ಆಮೇಲೆ ಎಲ್ಲರೂ ಮೂಸಿದರು. ಕೆಲವರಿಗೆ ಬಂತು, ಕೆಲವರಿಗೆ ಇಲ್ಲ, ಕೆಲವರು ಬಂತು ಎಂದು ಮತ್ತೆ ಮೂಸಿ ಇಲ್ಲವಲ್ಲ ಎಂದರು. ವಾರಗಟ್ಟಲೆ ಆ ರಾಶಿಯ ಮೇಲೆ ಮಂಡಿಯೂರಿ ಕೆಲಸ ಮಾಡಿದವಳ ಸೀರೆಗೆ ಅದು ಹತ್ತದೆ ಇನ್ನೇನಾದೀತು ಎಂದು ಯಾರಿಗೂ ಹೊಳೆಯಲಿಲ್ಲ. ಕಾಫಿಯಿಂದ ಅವಳಿಗೆ ಬಂದದ್ದನ್ನು ಅವಳಿಂದ ಕಾಫಿಗೆ ಬಂತು ಎಂದುಕೊಂಡರು. ಬಸಮ್ಮನ ಗಂಡ ಮರಗಸಿಯ ಕಾಲದಲ್ಲಿ ನೆರಳಿನ ಮರದ ಕೊಂಬೆ ಕಡಿಯಲು ಹತ್ತಿ ಬಿದ್ದು ಸತ್ತಿದ್ದ. ಅವಳ ಹಣೆ ಬರಿದಾಗಿತ್ತು, ಕೈ ಬರಿದಾಗಿತ್ತು.

"ಅದಕ್ಕೇ ಇವಳು ಈಚೆಗೆ ಒಬ್ಬಳೇ ಕೂತು ನಗ್ತಿದ್ಲು" ಎಂದಳು ಹುಚ್ಚಮ್ಮ, ಲೈನಿನಲ್ಲಿ ಬಸಮ್ಮನ ಪಕ್ಕದ ಮನೆಯವಳು. "ನಾನು ಕೇಳಿದ್ದೆ, ಏನೇ ನಿಂಗೆ ಬಂದಿರೋ ಸಡಗರ ಅಂತ. ಏನಿಲ್ಲಕ್ಕ ಅಂದ್ಲು."

"ಕೊಟ್ಟೋನು ಯಾರು ಅಂತ ಕೇಳ್ರೋ" ಎಂದು ಹಿಂದಿನಿಂದ ಯಾರೋ ಹೇಳಿದರು. ನಗು.

ಪೀರ್ ಪಾಷಾ ಆಗತಾನೆ ಬಂದು ಜಗಲಿಯಾಚೆ ಪೆಟ್ಟಿಗೆ ಇಳಿಸಿದ್ದ. ಮೂಡಿಗೆರೆಯವನು, ಸಂತೆಯ ಮರುದಿನ ಎಸ್ಟೇಟುಗಳಿಗೆ ಬಳೆ, ಬಾಚಣಿಗೆ, ಅತ್ತರು ಹೊತ್ತು ಬರುವವನು. ಹಾಲಪ್ಪ ಅವನನ್ನು ಕರೆದು ಕರವಸ್ತ್ರ ಚಾಚಿದ.

"ಸಾಬ್ರೇ, ಇದು ಯಾವ ಸೆಂಟು ಹೇಳಿ."

ಪೀರ್ ಪಾಷಾ ಮೂಸಿದ. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದ. "ಕಾಫಿ ವಾಸನೆ ಬರ್ತದೆ ಗೌಡ್ರೇ."

"ಅದು ಬಿಟ್ಟು?"

"ಅದು ಬಿಟ್ಟು ನಂಗೇನೂ ಬರ್ತಿಲ್ಲ."

"ಸೆಂಟು ಮಾರೋ ಸಾಬ್ರಿಗೇ ಮೂಗಿಲ್ವಂತೆ" ಎಂದ ಗಿಡ್ಡಪ್ಪ. "ಮೀನು ಮಾರೋನು ನಂಗೆ ಮೀನಂದ್ರೆ ಏನೂಂತ ಗೊತ್ತಿಲ್ಲ ಅಂದಂಗಾಯ್ತಲ್ಲ ಮಾರಾಯ."

"ಅಲ್ಲಾನ ಆಣೆ, ಗೌಡ್ರೇ. ನನ್ನ ಪೆಟ್ಟಿಗೆ ತೆಗೆದು ನೋಡಿ. ಮಲ್ಲಿಗೆ, ಕೇದಿಗೆ, ಗುಲಾಬಿ, ಲಾವಂಚ. ಬಸಮ್ಮಂಗೆ ನಾನು ಮಾರಿದ್ದು ಒಂದು ಬಾಚಣಿಗೆ. ಅದೂ ಅವಳ ಯಜಮಾನ ಇದ್ದಾಗ, ಅವನೇ ಕೊಡಿಸಿದ್ದು."

ಪೀರ್ ಪಾಷಾನ ಮುಖ ಕಾಗದದ ಪಟ್ಟಿ ಹಿಡಿದ ಅಣ್ಣಮ್ಮನ ಮುಖದ ಹಾಗೇ ಇತ್ತು. ಬಾಗಿಲ ಸಂದಿಯಿಂದ ನೋಡುತ್ತಿದ್ದ ರುದ್ರಾಣಿಗೆ ಅವನು ಸುಳ್ಳು ಹೇಳುತ್ತಿಲ್ಲ ಎಂದು ಗೊತ್ತಿತ್ತು. ಕೆಲವರ ಮೂಗಿಗೆ ಇದು ಬರುವುದೇ ಇಲ್ಲ ಎಂದು ಅಷ್ಟು ಹೇಳಿದರೆ ಸಾಕಿತ್ತು. ಯಾವುದು, ಎಂದು ಕೇಳುತ್ತಾರೆ. ಇದು ಅಂದರೆ ಯಾವುದು, ನಿನಗೆ ಹೇಗೆ ಗೊತ್ತು. ಅವಳು ಬಾಗಿಲ ಚಿಲಕವನ್ನು ಅದು ಸದ್ದು ಮಾಡುವವರೆಗೂ ಹಿಡಿದುಕೊಂಡಿದ್ದಳು.

"ಆಯ್ತು ಸಾಬ್ರೇ" ಎಂದ ಹಾಲಪ್ಪ. "ಇನ್ಮೇಲೆ ಈ ಕಡೆ ಬರೋದು ಬೇಡ."

ಪೀರ್ ಪಾಷಾ ಪೆಟ್ಟಿಗೆಯ ಹಗ್ಗವನ್ನು ನಿಧಾನವಾಗಿ ಬಿಗಿದ. "ದೊಡ್ಡ ಗೌಡ್ರ ಕಾಲದಿಂದ ಬರ್ತಿದ್ದೆ" ಎಂದು ಯಾರಿಗೂ ಅಲ್ಲದ ಹಾಗೆ ಹೇಳಿ, ಪೆಟ್ಟಿಗೆ ತಲೆಗೇರಿಸಿಕೊಂಡು ಹೊರಟ.

ಬಸಮ್ಮ ಅತ್ತು ಕರೆದು ಆಣೆಯಿಟ್ಟಿದ್ದರೆ ಅನುಮಾನಕ್ಕಾದರೂ ಜಾಗವಿರುತ್ತಿತ್ತೋ ಏನೋ. "ಹೇಳೇ, ಏನು ಹಚ್ಕೊಂಡಿದ್ದೆ?" ಎಂದು ಸಿದ್ದಗಂಗಮ್ಮ ಕೇಳಿದರೆ ಇಲ್ಲ ಎಂದೂ ಅನ್ನಲಿಲ್ಲ, ಹೌದು ಎಂದೂ ಅನ್ನಲಿಲ್ಲ, ನೆಲ ನೋಡಿಕೊಂಡು ನಿಂತಳು. ಸಿದ್ದಗಂಗಮ್ಮ ಸೆರಗು ಹೊದ್ದು ಎದ್ದರು. "ನಾಳೆ ಕಳಸದ ಬಸ್ಸಿಗೆ ಕಳಿಸು ಇವಳನ್ನ. ಅಲ್ಲಿ ಅಣ್ಣ ಇದ್ದಾನಲ್ಲ, ನೋಡ್ಕೊಳ್ಳಲಿ." ಆ ಅಣ್ಣನ ಮನೆಯಿಂದ ಓಡಿಬಂದೇ ಬಸಮ್ಮ ಲೈನಿನಲ್ಲಿ ಉಳಿದದ್ದು ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಗಂಡ ಸತ್ತ ತಿಂಗಳು ಅಲ್ಲಿ ಅತ್ತಿಗೆ ಅವಳಿಗೆ ಕೊಟ್ಟಿಗೆಯಲ್ಲಿ ಅನ್ನ ಹಾಕಿದ್ದಳು. ಈಗ ಈ ಸುದ್ದಿ ಅವಳಿಗಿಂತ ಮೊದಲೇ ಬಸ್ಸು ಹತ್ತಿ ಹೋಗುತ್ತದೆ.

ಹಳ್ಳದ ಸದ್ದು ಯಾವಾಗ ನಿಂತಿತೋ ರುದ್ರಾಣಿಗೆ ತಿಳಿಯಲಿಲ್ಲ. ಬೆಳಿಗ್ಗೆ ಒಲೆಯ ಮುಂದೆ ಅಕ್ಕಿರೊಟ್ಟಿ ತಟ್ಟುತ್ತ ಅವಳು ಮಾತುಗಳನ್ನು ಜೋಡಿಸಿಕೊಂಡಳು. ಮೊದಲು ಅಣ್ಣಮ್ಮ, ಆಮೇಲೆ ಬಾಟಲಿ. ಅಲ್ಲ, ಮೊದಲು ಬಸಮ್ಮನದು ತಪ್ಪಿಲ್ಲ ಎನ್ನಬೇಕು. ಅಷ್ಟೇ ಹೇಳಿದರೆ ಸಾಕಾಗುವಂತೆ ಹೇಳಲು ಸಾಧ್ಯವೇ ಎಂದು ಬೇರೆ ಬೇರೆ ರೀತಿಯಲ್ಲಿ ಆ ವಾಕ್ಯವನ್ನು ತಿರುಗಿಸಿ ನೋಡಿದಳು. ಪ್ರತಿ ಸಲವೂ ಅದರ ಕೊನೆ ಅವಳ ಮೊಣಕೈಗೇ ಬಂದು ಮುಟ್ಟುತ್ತಿತ್ತು. ಹೇಳಿದ ಮೇಲೆ ಏನಾಗುತ್ತದೆ ಎಂದೂ ಕಾಣುತ್ತಿತ್ತು. ಹಾಲಪ್ಪ ಹೊಡೆಯುವುದಿಲ್ಲ, ಬಯ್ಯುವುದೂ ಇಲ್ಲ. ಮಂಗಳೂರಿನಲ್ಲಿ ನಕ್ಕವರ ಮುಂದೆ ಅವನು ಕುಳಿತಿದ್ದ ಹಾಗೆ ಜಗಲಿಯ ಮೇಲೆ ಕುಳಿತು, ನನ್ನ ಹೆಂಡತಿಯೇ ಎಂದುಕೊಳ್ಳುತ್ತಾನೆ. ಅತ್ತೆಗೆ ನೆಂಟರಿಷ್ಟರ ಮುಂದೆ ಇನ್ನು ಸಾಯುವವರೆಗೂ ಹೇಳಲು ಒಂದು ಕಥೆ. ಮಕ್ಕಳಿಲ್ಲದ್ದು ಸಾಲದೆಂದು ಇದೂ.

"ನಾನೊಂದು ಮಾತು ಹೇಳಬೇಕಿತ್ತು" ಎಂದಳು ಗಂಡನಿಗೆ ರೊಟ್ಟಿ ಬಡಿಸುತ್ತ.

"ಹೇಳು."

ಅವನ ಕಣ್ಣು ನಿದ್ದೆಯಿಲ್ಲದೆ ಕೆಂಪಾಗಿತ್ತು. ಅವಳು ಇನ್ನೊಂದು ರೊಟ್ಟಿ ಹಾಕಿದಳು. ಅವನೇ ಮಾತಾಡಿದ. "ನಿಮ್ಮ ಕಾಲೇಜಿನಲ್ಲಿ ಇಂಥಾದ್ದು ಏನಾದ್ರೂ ಹೇಳಿಕೊಡ್ತಿದ್ರಾ? ಸೆಂಟು, ವಾಸನೆ, ಇದರ ಬಗ್ಗೆ? ನೀನು ಒಂದು ಸಲ ಏನೋ ಹೇಳಿದ್ದೆ, ಹುಲ್ಲಿನ ವಿಷಯ."

ಎಮ್ಮೆಗಳ ಮಾತು ಅವನಿಗೆ ನೆನಪಿದೆಯೇ ಎಂದು ಅವಳು ನೋಡಿದಳು. ಇರಲಿಲ್ಲ. ಹುಲ್ಲಿನದಷ್ಟೇ ಇತ್ತು. ಮೂರು ವರ್ಷದ ಮೇಲೆ ಮೊದಲ ಸಲ ಅವಳು ಓದಿದ್ದು ಅವನಿಗೆ ಬೇಕಾಗಿತ್ತು.

"ಇಲ್ಲ" ಎಂದಳು. "ಅದು ಬೇರೆ."

"ಏನೋ ಹೇಳಬೇಕು ಅಂದೆಯಲ್ಲ."

"ರೊಟ್ಟಿಗೆ ಉಪ್ಪು ಕಮ್ಮಿಯಾಗಿದೆ ಅಂತ."

ಅವನು ಮುರಿದು ಬಾಯಿಗೆ ಹಾಕಿಕೊಂಡ. "ಸರಿಯಾಗೇ ಇದೆ."

ಅವನು ತೋಟಕ್ಕೆ ಹೋದ ಮೇಲೆ ಅವಳು ಒಂದು ಹಳೆಯ ಸೀರೆ, ಒಂದಿಷ್ಟು ಅವಲಕ್ಕಿ ಗಂಟುಕಟ್ಟಿಕೊಂಡು, ಬಸಮ್ಮನಿಗೆ ಕೊಟ್ಟು ಬರುತ್ತೇನೆಂದು ಅತ್ತೆಗೆ ಹೇಳಿದಳು. "ಕೊಡು, ಪಾಪ" ಎಂದರು ಸಿದ್ದಗಂಗಮ್ಮ. ಅವರ ದನಿಯಲ್ಲಿ ನಿಜವಾದ ಮರುಕವಿತ್ತು. ಲೈನಿನ ದಾರಿಯುದ್ದಕ್ಕೂ ಕಾಫಿ ಗಿಡಗಳು ಮೊಗ್ಗು ಕಚ್ಚಿಕೊಂಡು ಮಳೆಗೆ ಕಾಯುತ್ತಿದ್ದವು. ಬಸಮ್ಮನಿಗೇ ಮೊದಲು ಹೇಳಬೇಕು ಎಂದು ಅವಳಿಗೆ ಆಗ ಹೊಳೆಯಿತು. ಅದು ಸುಲಭವೂ ಸರಿಯೂ ಆಗಿ ಕಂಡಿತು. ಬಸಮ್ಮನಿಗೆ ಹೇಳಿ, ಅವಳ ಕೈ ಹಿಡಿದು ಮನೆಗೆ ಕರೆತಂದು, ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡರೆ ಗಂಡನ ಮುಂದೆ ಮಾತು ತಾನಾಗಿ ಬರುತ್ತದೆ. ಹೆಜ್ಜೆ ಬಿರುಸಾಯಿತು. ಎಷ್ಟೋ ದಿನದ ಮೇಲೆ ಎದೆ ತುಂಬ ಉಸಿರು ಎಳೆದುಕೊಂಡಳು.

ಬಸಮ್ಮ ಒಳಗೆ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ರಾತ್ರಿ ಒಗೆದ ಸೀರೆ ಹೊರಗೆ ಲಂಟಾನದ ಪೊದೆಯ ಮೇಲೆ ಹರಡಿತ್ತು. ರುದ್ರಾಣಿಯನ್ನು ಕಂಡು ಗಡಬಡಿಸಿ ಎದ್ದು, ನೆಲ ಕೊಡವಿ ಗೋಣಿ ಹಾಸಿದಳು. ಗಂಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು.

"ಬಸಮ್ಮ, ನಿನಗೊಂದು ವಿಷಯ ಹೇಳೋಕೆ ಬಂದೆ."

"ನಾನೂ ನಿಮಗೇ ಹೇಳಬೇಕು ಅಂದ್ಕೊಂಡಿದ್ದೆ ಚಿಕ್ಕಮ್ಮೋರೇ. ಬಾಗಿಲು ಸ್ವಲ್ಪ ಮುಂದೆ ಮಾಡ್ತೀನಿ." ಬಾಗಿಲು ಒರಗಿಸಿ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕುಳಿತಳು. "ನಿಮ್ಮ ಒಬ್ಬರ ಹತ್ರ ಹೇಳ್ತೀನಿ. ಹೇಳ್ದೆ ಹೋದ್ರೆ ಎದೆ ಒಡೆದು ಹೋಗ್ತದೆ. ಅದು ನಾನೇ ಮಾಡಿದ್ದು."

"ಏನು?"

"ರಾಶಿ ಮಗುಚ್ತಿದ್ದೆ, ಕೈಗೆ ಒಂದು ಸಣ್ಣ ಬಾಟ್ಲಿ ಸಿಕ್ತು. ಯಾವ ಕಾಲದ್ದೋ ಯಾರದೋ. ದೊರೆಗಳಿದ್ದಾಗಿನ ಉಗ್ರಾಣ ಅಲ್ವಾ ಅದು, ಎಲ್ಲಿಂದಲೋ ಬಿದ್ದಿರಬೇಕು ಅಂದ್ಕೊಂಡೆ. ಬಿರಡೆ ತೆಗೆದೆ." ಅವಳು ಕೈಯನ್ನು ಮೂಗಿನ ಹತ್ತಿರ ತಂದು, ತಂದದ್ದು ಗೊತ್ತಾಗಿ ಇಳಿಸಿದಳು. "ಹೆಂಗೆ ಹೇಳಲಿ ನಿಮಗೆ. ನಮ್ಮ ಯಜಮಾನ್ರು ಬಂದು ಪಕ್ಕದಲ್ಲಿ ಸುಮ್ನೆ ಕೂತಂಗಾಯ್ತು. ಮಾತಿಲ್ಲ, ಕತೆಯಿಲ್ಲ. ಮರದ ಕೆಲಸ ಮುಗಿಸಿ ಬಂದು ಕೂರ್ತಿದ್ರಲ್ಲ, ಹಂಗೆ. ಅಷ್ಟರಲ್ಲಿ ಹೋಗಿಬಿಡೋರು. ನಾನು ರಾಶಿ ಎಳೀತಾ ಕಾಯ್ತಿದ್ದೆ. ಸ್ವಲ್ಪ ಹೊತ್ತಿಗೆ ತಿರುಗಾ ಬರೋರು. ಇಲ್ಲೇ ಎಲ್ಲೋ ಕಾಲಾಡಿಸ್ಕೊಂಡು ಬರೋಕೆ ಹೋಗಿದ್ರು ಅನ್ನೋ ಥರ."

ರುದ್ರಾಣಿ ಗೋಣಿಯ ನೂಲು ಹಿಡಿದು ಎಳೆಯುತ್ತಿದ್ದಳು.

"ಬಾಟ್ಲಿ ಅಲ್ಲೇ ಹೂತಿಟ್ಟು ದಿನಾ ಒಂದು ಸಲ ತೆಗೀತಿದ್ದೆ. ಬರೀ ಮೂಸ್ತಿದ್ದೆ, ನಿಮ್ಮಾಣೆ. ಒಂದೇ ಒಂದು ದಿನ ಕತ್ತಿಗೆ ಒಂದು ತೊಟ್ಟು ಹಚ್ಕೊಂಡೆ. ಅವರು ಸತ್ತ ತಿಥಿ ಅವತ್ತು. ಹಚ್ಕೊಂಡು ಕೈ ಒರೆಸಿದ್ದು ಕಾಫಿಗೆ. ನಂಗೆ ಬುದ್ಧಿ ಇರಬೇಡ್ವಾ? ಉಗ್ರಾಣದಾಗೆ ಇಷ್ಟು ವರ್ಷ ಕೆಲಸ ಮಾಡ್ದೋಳು. ಅದ್ರಿಂದಾನೇ ಇಷ್ಟೆಲ್ಲ ಆಯ್ತು. ಅಯ್ಯೋರ ಹೆಸರು ಹೋಯ್ತು. ಅವರು ಮಂಗಳೂರಿಂದ ಬಂದು ಹೇಳ್ತಿದ್ದದ್ದು ಕೇಳಿದ್ದೇ ಹೋಗಿ ಬಾಟ್ಲಿ ತೆಗೆದು ಹಳ್ಳದ ಮಡುವಿಗೆ ಎಸೆದೆ. ಪಾಪ ಸಾಬ್ರ ತಲೆ ಮೇಲೂ ಬಂತು ನನ್ನಿಂದ."

ಒಂದು ತೊಟ್ಟು. ಒಂದು ತೊಟ್ಟಿನಿಂದ ಒಂದು ಹಿಡಿ ಕಾಫಿ ಕೆಡಬಹುದು. ಮೂಟೆಗಟ್ಟಲೆ ಕೆಡಬೇಕಾದರೆ ಮೊಣಕೈವರೆಗೆ ಕೈ ಹೋಗಬೇಕು, ದಿನವೂ ಹೋಗಬೇಕು. ಇದನ್ನು ಹೇಳಲು ಒಂದು ವಾಕ್ಯ ಸಾಕು. ಅದು ಅವಳ ನಾಲಿಗೆಯ ಮೇಲೆ, ಪರೀಕ್ಷೆಯ ಉತ್ತರದ ಹಾಗೆ, ಕೂಡಿಸಿ ಕಳೆದು ಸಿದ್ಧವಾಗಿ ಇತ್ತು. ಬಸಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು. ತೀರ್ಪಿಗೆ ಕಾಯುವವಳ ಹಾಗೆ ನೋಡುತ್ತಿದ್ದಳು. ಅಂಥ ನೋಟ ರುದ್ರಾಣಿಯ ಕಡೆ ಈ ಮನೆಗೆ ಬಂದ ಮೇಲೆ ಯಾರಿಂದಲೂ ಬಂದಿರಲಿಲ್ಲ.

"ಯಾರಿಗೂ ಹೇಳಬೇಡಿ" ಎಂದಳು ಬಸಮ್ಮ. "ಈಗ ಬರೀ ಅನುಮಾನ. ಅಣ್ಣನ ಮನೇಲಿ ಇಲ್ಲ ಅಂತ ಸಾಧಿಸಬಹುದು. ಗಂಡ ಸತ್ತೋಳು ಅವನ ತಿಥಿ ದಿನ ಸೆಂಟು ಹಚ್ಕೊಂಡ್ಲು ಅಂತ ಗೊತ್ತಾದ್ರೆ ನನ್ನ ಅಲ್ಲೂ ಇಟ್ಕೊಳಲ್ಲ. ಬಾಟ್ಲಿ ಇತ್ತು ಅನ್ನೋ ಮಾತೇ ಹೊರಗೆ ಬರೋದು ಬೇಡ. ಆಣೆ ಮಾಡಿ."

"ನೀನು ಹೋಗಬೇಕಾಗಿಲ್ಲ, ಬಸಮ್ಮ" ಎಂದು ರುದ್ರಾಣಿ ಶುರು ಮಾಡಿದಳು.

"ಹೋಗ್ತೀನಿ. ತಪ್ಪು ಮಾಡಿ ಇಲ್ಲೇ ಉಂಡ್ರೆ ಮೈಗೆ ಹತ್ತಲ್ಲ. ಆಣೆ ಮಾಡಿ ನೀವು."

ಬಸಮ್ಮ ಕೈ ಚಾಚಿದಳು. ಕಾಫಿ ಮಗುಚಿ ಮಗುಚಿ ಬಿರುಸಾದ ಅಂಗೈ, ರಾತ್ರಿಯ ಬೂದಿಗೆ ಬೆರಳ ಸಂದಿಗಳು ಒಡೆದಿದ್ದವು. ರುದ್ರಾಣಿ ಅದರ ಮೇಲೆ ತನ್ನ ಅಂಗೈಯಿಟ್ಟಳು. "ಆಯ್ತು. ಯಾರಿಗೂ ಹೇಳಲ್ಲ" ಎಂಬ ತನ್ನದೇ ದನಿ ಕೇಳಿಸಿತು. ಅದು ನಡುಗುತ್ತಿರಲಿಲ್ಲ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮತ್ತೂ ಮಾತು ಬಂತು, ಮೆತ್ತಗಿನ, ದೊಡ್ಡವರ ಮಾತು: "ಬಿಡು. ಆದದ್ದು ಆಗಿಹೋಯ್ತು. ಮನಸ್ಸಿಗೆ ಹಚ್ಚಿಕೊಳ್ಳಬೇಡ."

ಬಸಮ್ಮ ಬಗ್ಗಿ ಅವಳ ಕಾಲು ಮುಟ್ಟಿದಳು. ಮುಟ್ಟಿ, ಹಣೆ ಪಾದಕ್ಕೆ ಒತ್ತಿ, ಅಷ್ಟು ಜನರ ಎದುರಿಗೆ ಅಳದಿದ್ದವಳು ಈಗ ಅತ್ತಳು. "ಓದಿದೋರು ಅಂದ್ರೆ ಹಿಂಗಿರ್ತಾರೆ" ಎಂದಳು. ರುದ್ರಾಣಿ ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಎಳೆದುಕೊಳ್ಳಬೇಕು ಎಂದುಕೊಂಡಳು, ಎಳೆದುಕೊಂಡರೆ ಇವಳಿಗೆ ಏನೋ ಅನ್ನಿಸೀತು ಎಂದುಕೊಂಡಳು. ಹಾಗೇ ಕುಳಿತಿದ್ದಳು.

ಹಿಂತಿರುಗುವ ದಾರಿಯಲ್ಲಿ ಬಸಮ್ಮ ತಲೆಯ ಮೇಲೆ ಚೀಲ ಹೊತ್ತು ಕೊಟ್ಟಿಗೆಹಾರದ ಕಡೆಗೆ ಇಳಿಯುವುದು ಗಿಡಗಳ ಸಂದಿಯಿಂದ ಕಾಣಿಸಿತು. ಹುಚ್ಚಮ್ಮ ಬೇಲಿಯವರೆಗೂ ಹೋಗಿ ನಿಂತಿದ್ದಳು. ಕೂಗಿದರೆ ಕೇಳಿಸುವಷ್ಟೇ ದೂರ. ರುದ್ರಾಣಿ ನಿಂತಳು. ಆಣೆ ಮಾಡಿದ್ದೇನಲ್ಲ ಎಂದುಕೊಂಡಳು. ಕೈಮೇಲೆ ಕೈಯಿಟ್ಟು ಆಣೆ ಮಾಡಿದ್ದೇನೆ, ಬಾಟಲಿಯ ಹೆಸರೆತ್ತಿದರೆ ಆ ಹೆಂಗಸಿನ ಮಾನ ಹೋಗುತ್ತದೆ. ಈ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಮತ್ತೊಮ್ಮೆ ಹೇಳಿಕೊಂಡಳು. ಎರಡನೆಯ ಸಲ ಅದು ಇನ್ನೂ ಸಲೀಸಾಗಿ ಬಂತು. ಚೀಲ ತಿರುವಿನಲ್ಲಿ ಮರೆಯಾಯಿತು.

ಅತ್ತೆ ಹಿತ್ತಿಲಲ್ಲಿ ಸೌತೆಬೀಜ ಹರಡುತ್ತಿದ್ದರು. "ಹೋದ್ಲಾ?"

"ಹೋದಳು."

"ಏನಾದ್ರೂ ಹೇಳಿದ್ಲಾ? ಬಾಯಿ ಬಿಟ್ಲಾ ನಿನ್ನ ಹತ್ರ?"

ಅತ್ತೆಯ ಬೆರಳು ಬೀಜಗಳ ಮೇಲೆ ತಡೆದಿತ್ತು. ಈ ಮನೆಯಲ್ಲಿ ಈ ಹೊತ್ತಿಗೂ, ನಾಳೆಗೂ, ಮುದುಕಿಯಾಗಿ ಇದೇ ಹಿತ್ತಿಲಲ್ಲಿ ಬೀಜ ಹರಡುವ ಕಾಲಕ್ಕೂ ಇದಕ್ಕೆ ಒಂದೇ ಉತ್ತರ ಎಂದು ರುದ್ರಾಣಿ ನಿರ್ಧರಿಸಿದಳು. ಗಂಡನಿಗೂ ಹೇಳುವುದಿಲ್ಲ. ಅಣ್ಣಮ್ಮನಿಗೂ ಬರೆಯುವುದಿಲ್ಲ.

"ಏನೂ ಹೇಳಲಿಲ್ಲ ಅತ್ತೆ" ಎಂದು, ಕುಳಿತು, ಬೀಜಗಳನ್ನು ಬಿಸಿಲಿಗೆ ಸರಿಸತೊಡಗಿದಳು.